ಇಬ್ಬರೂ ದುಡಿಯುವ ಮನೆಯ ವಾರಾಂತ್ಯ ಪ್ರವಾಸ: ಬುಧವಾರದಿಂದ ಸೋಮವಾರದವರೆಗಿನ ಸಿದ್ಧತೆ

ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳ ವಾರಾಂತ್ಯ ಹೆಚ್ಚಾಗಿ ಹೀಗೆ ಕಳೆಯುತ್ತದೆ: ಶನಿವಾರ ಬಟ್ಟೆ ಒಗೆಯುವುದು, ತರಕಾರಿ ತರುವುದು, ಮನೆ ಒರೆಸುವುದು, ಭಾನುವಾರ ತಡವಾಗಿ ಏಳುವುದು, ಸಂಜೆ ಒಂದು ಮಾಲು, ರಾತ್ರಿ ಸೋಮವಾರದ ಚಿಂತೆ. ನಡುವೆ ಯಾವಾಗಲೋ ಒಮ್ಮೆ ಶುಕ್ರವಾರ ರಾತ್ರಿ ಎಂಟೂವರೆಗೆ ‘ನಾಳೆ ಎಲ್ಲಾದರೂ ಹೋಗೋಣವಾ’ ಎಂಬ ಮಾತು ಬರುತ್ತದೆ. ಅಷ್ಟು ಹೊತ್ತಿಗೆ ರೈಲಿನಲ್ಲಿ ಸೀಟು ಇರುವುದಿಲ್ಲ, ಹೋಂಸ್ಟೇಯಲ್ಲಿ ಕೋಣೆ ಇರುವುದಿಲ್ಲ, ಚಾರಣಕ್ಕೆ ಅನುಮತಿ ಸಿಗುವುದಿಲ್ಲ. ಕೊನೆಗೆ ಎಲ್ಲರೂ ಹೋಗುವ ನಂದಿ ಬೆಟ್ಟಕ್ಕೆ ಎಲ್ಲರೂ ಹೋಗುವ ಹೊತ್ತಿನಲ್ಲೇ ಹೊರಡುವುದಾಗುತ್ತದೆ. ಗಾಡಿಗಳ ಸಾಲು ಕರಗಿ ಮೇಲೆ ತಲುಪುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿರುತ್ತಾನೆ.

ಎರಡು ದಿನದ ಪ್ರವಾಸ ಚೆನ್ನಾಗಿ ಆಗಬೇಕಾದರೆ ಅದರ ಕೆಲಸ ಬುಧವಾರವೇ ಶುರುವಾಗಬೇಕು, ಸೋಮವಾರ ಮುಗಿಯಬೇಕು. ಇದರ ಜೊತೆಗೆ ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಹೋಗಿ ಬಂದ ಮೇಲೆ ಇಬ್ಬರಿಗೂ ಒಂದೇ ಸಮ ವಿಶ್ರಾಂತಿ ಸಿಕ್ಕಿರಬೇಕು. ಒಬ್ಬರು ಬಂದವರೇ ಮಲಗಿ, ಇನ್ನೊಬ್ಬರು ಒದ್ದೆ ಬಟ್ಟೆ ಒಗೆಯುತ್ತಾ ಸೋಮವಾರದ ಡಬ್ಬಿಗೆ ಅಡುಗೆ ಮಾಡುತ್ತಾ ನಿಂತರೆ ಆ ಮನೆಯಲ್ಲಿ ಮುಂದಿನ ಪ್ರವಾಸದ ಉತ್ಸಾಹ ಬೇಗ ಬತ್ತುತ್ತದೆ.

1. ತಿಂಗಳ ವಾರಾಂತ್ಯಗಳನ್ನು ಮೊದಲು ಹಂಚಿಕೊಳ್ಳಿ

ಪ್ರತಿ ವಾರವೂ ಊರೂರು ತಿರುಗುವುದು ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ. ತಿಂಗಳಿಗೆ ನಾಲ್ಕು ವಾರಾಂತ್ಯ ಎಂದುಕೊಂಡರೆ ಒಂದು ಪ್ರವಾಸಕ್ಕೆ, ಒಂದು ಊರಿಗೆ, ಒಂದು ಮನೆಯಲ್ಲಿ ಏನೂ ಮಾಡದೆ ಇರುವುದಕ್ಕೆ, ಒಂದು ಮದುವೆ, ಗೃಹಪ್ರವೇಶ, ಸ್ನೇಹಿತರ ಮಗುವಿನ ನಾಮಕರಣಕ್ಕೆ. ಗೋಡೆಯ ಕ್ಯಾಲೆಂಡರ್ ಮುಂದೆ ಇಬ್ಬರೂ ಕೂತು ಇದನ್ನು ಗುರುತು ಹಾಕಿಕೊಳ್ಳಿ. ಫೋನಿನ ಕ್ಯಾಲೆಂಡರ್ ಒಬ್ಬೊಬ್ಬರದು ಒಂದೊಂದು. ಗೋಡೆಯದು ಇಬ್ಬರಿಗೂ ಕಾಣುತ್ತದೆ.

ಗುರುತು ಹಾಕುವಾಗ ಕೆಲಸದ ಲೆಕ್ಕ ಮುಂದೆ ಬರಲಿ. ಬ್ಯಾಂಕಿನವರಿಗೆ ರಜೆ ಇರುವುದು ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ. ಒಬ್ಬರು ಬ್ಯಾಂಕಿನಲ್ಲಿ, ಒಬ್ಬರು ಐಟಿಯಲ್ಲಿ ಇದ್ದರೆ ಪ್ರವಾಸದ ವಾರ ತಾನಾಗಿಯೇ ಆ ಎರಡರಲ್ಲಿ ಒಂದು. ಲೆಕ್ಕಪತ್ರದ ಕೆಲಸದವರು ತಿಂಗಳ ಕೊನೆಯ ವಾರವನ್ನು ಬಿಡಬೇಕು. ಸಾಫ್ಟ್‌ವೇರಿನವರು ರಿಲೀಸ್ ಇರುವ ವಾರವನ್ನೂ ಆನ್‌ಕಾಲ್, ಅಂದರೆ ಕರೆ ಬಂದ ಕೂಡಲೇ ಕೆಲಸಕ್ಕೆ ಕೂರಬೇಕಾದ ಪಾಳಿ, ಇರುವ ವಾರವನ್ನೂ ಬಿಡಬೇಕು. ಆನ್‌ಕಾಲ್ ಇಟ್ಟುಕೊಂಡು ಕುದುರೆಮುಖದ ಕಡೆಗೋ ಆಗುಂಬೆಯ ಕಡೆಗೋ ಹೊರಟರೆ ನೆಟ್‌ವರ್ಕ್ ಇಲ್ಲದ ಕಣಿವೆಯಲ್ಲಿ ಮನಸ್ಸೆಲ್ಲ ಫೋನಿನ ಮೇಲೇ ಇರುತ್ತದೆ, ಪಕ್ಕದಲ್ಲಿ ಕೂತವರಿಗೂ ನೆಮ್ಮದಿ ಇರುವುದಿಲ್ಲ. ಸಹೋದ್ಯೋಗಿಯ ಜೊತೆ ಪಾಳಿ ಬದಲಾಯಿಸಿಕೊಳ್ಳುವುದಿದ್ದರೆ ಎರಡು ವಾರ ಮೊದಲೇ ಕೇಳಿ, ಅವರಿಗೂ ಅವರ ಲೆಕ್ಕ ಇರುತ್ತದೆ.

ಊರಿಗೆ ಹೋಗುವ ವಾರದ ವಿಷಯದಲ್ಲಿ ಒಂದು ತಿಂಗಳು ಅವರ ಮನೆ, ಇನ್ನೊಂದು ತಿಂಗಳು ಇವರ ಮನೆ ಎಂದು ಮೊದಲೇ ಮಾತಾಗಿರಲಿ. ಹಿರಿಯರಿಗೆ ಬೇಸರ ಆಗುವುದು ನಾವು ಪ್ರವಾಸ ಹೋದದ್ದಕ್ಕಿಂತ ಹೆಚ್ಚಾಗಿ, ಅದನ್ನು ವಾಟ್ಸ್ಯಾಪ್ ಸ್ಟೇಟಸ್ ನೋಡಿ ತಿಳಿಯಬೇಕಾಗಿ ಬಂದದ್ದಕ್ಕೆ. ‘ಅತ್ತೆ, ಈ ವಾರ ಹಂಪಿಗೆ ಹೋಗಿ ಬರ್ತೀವಿ, ಬರೋ ಎರಡನೇ ಶನಿವಾರ ಊರಿಗೆ ಬರ್ತೀವಿ’ ಎಂದು ಬುಧವಾರವೇ ಒಂದು ಫೋನ್ ಮಾಡಿದರೆ ಅಲ್ಲಿಂದಲೂ ‘ಹುಷಾರಾಗಿ ಹೋಗಿ ಬನ್ನಿ’ ಎಂಬ ಮಾತೇ ಬರುತ್ತದೆ. ಊರು ಹಾಸನದ ಕಡೆಯಾದರೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಒಂದು ಬೆಳಗ್ಗೆ ಹಳೇಬೀಡಿಗೆ ಹೋಗಿ ಬರಬಹುದು. ಹತ್ತಿರದಲ್ಲೇ ಇದ್ದೂ ಎಷ್ಟೋ ವರ್ಷದಿಂದ ಅವರೂ ಹೋಗಿರುವುದಿಲ್ಲ.

2. ಶನಿವಾರದ ಮನೆಗೆಲಸವನ್ನು ವಾರದೊಳಕ್ಕೆ ಸೇರಿಸಿ

ಪ್ರವಾಸದ ವಾರದಲ್ಲಿ ಶನಿವಾರ ಮನೆಯಲ್ಲಿ ಇರುವುದಿಲ್ಲ. ಶನಿವಾರ ಮಾಡುತ್ತಿದ್ದ ಕೆಲಸ ಎಲ್ಲಿಗೂ ಹೋಗುವುದಿಲ್ಲ, ಸೋಮವಾರ ಬಾಗಿಲಲ್ಲೇ ಕಾಯುತ್ತಿರುತ್ತದೆ. ಅದನ್ನು ಬುಧವಾರ, ಗುರುವಾರ ರಾತ್ರಿಗಳಿಗೆ ಹಂಚಬೇಕು. ಯಾರು ಯಾವುದು ಎನ್ನುವುದು ಬಾಯಿಮಾತಿನಲ್ಲಿ ಉಳಿಯದೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಇರಲಿ.

ಬುಧವಾರ ರಾತ್ರಿ ವಾಷಿಂಗ್ ಮೆಷಿನ್ ಹಾಕಿ, ಗುರುವಾರ ಬೆಳಗ್ಗೆ ಒಣಹಾಕಿ. ಗುರುವಾರ ಬೆಳಗ್ಗೆ ಅಕ್ಕಿ, ಉದ್ದಿನಬೇಳೆ ನೆನೆಹಾಕಿ ರಾತ್ರಿ ರುಬ್ಬಿ. ಶುಕ್ರವಾರ ಹಿಟ್ಟು ಹುದುಗು ಬಂದ ಮೇಲೆ ಫ್ರಿಜ್ಜಿಗೆ ಇಟ್ಟರೆ ಸೋಮವಾರ ದೋಸೆಗೆ ಚೆನ್ನಾಗಿರುತ್ತದೆ. ಡಿಸೆಂಬರ್, ಜನವರಿಯ ಬೆಂಗಳೂರು ಚಳಿಯಲ್ಲಿ ಒಂದು ರಾತ್ರಿಗೆ ಹುದುಗು ಬರುವುದಿಲ್ಲ, ಆಗ ಬುಧವಾರವೇ ರುಬ್ಬಬೇಕು. ಸೋಮವಾರ ಮಧ್ಯಾಹ್ನದ ಡಬ್ಬಿಗೆ ಪುಳಿಯೋಗರೆ ಗೊಜ್ಜು ಇದ್ದರೆ ಸಾಕು, ಬಂದು ಅನ್ನ ಮಾಡಿ ಕಲೆಸಿದರೆ ಮುಗಿಯಿತು.

ಶುಕ್ರವಾರ ಬೆಳಗ್ಗೆ ಹಸಿ ಕಸ ಆಟೋದವರಿಗೆ ಹೋಗಲೇಬೇಕು. ಎರಡು ದಿನ ಮುಚ್ಚಿದ ಮನೆಯಲ್ಲಿ ಉಳಿದ ಬಾಳೆಹಣ್ಣಿನ ಸಿಪ್ಪೆ ಒಂದೇ ಸಾಕು, ಭಾನುವಾರ ರಾತ್ರಿ ಬಾಗಿಲು ತೆಗೆದಾಗ ದಣಿವು ಎರಡರಷ್ಟಾಗುತ್ತದೆ. ಹಾಲು ಬೇಡವೆಂದು ಹೇಳುವುದು, ಮನೆಕೆಲಸಕ್ಕೆ ಬರುವ ಅಕ್ಕನಿಗೆ ತಿಳಿಸುವುದು, ಗಿಡಕ್ಕೆ ನೀರು ಹಾಕುವುದು, ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡುವುದು, ಒಂದು ಬೀಗದ ಕೈ ಪಕ್ಕದ ಮನೆಯವರ ಹತ್ತಿರ ಕೊಡುವುದು. ಆ ಅಕ್ಕ ಬರದ ದಿನದ ಸಂಬಳ ಹಿಡಿಯಬೇಡಿ, ರಜೆ ತೆಗೆದುಕೊಂಡವರು ನಾವು.

3. ದುಡ್ಡಿಗೆ ಬೇರೆ ಖಾತೆ

ಇಬ್ಬರೂ ಸಂಬಳದ ದಿನವೇ ಒಂದಿಷ್ಟು ಮೊತ್ತವನ್ನು ಪ್ರವಾಸಕ್ಕೆಂದೇ ಇರುವ ಖಾತೆಗೆ ಹಾಕಿ. ಇಬ್ಬರ ಸಂಬಳದಲ್ಲಿ ವ್ಯತ್ಯಾಸ ಇದ್ದರೆ ಸಮ ಮೊತ್ತದ ಬದಲು ಸಂಬಳಕ್ಕೆ ತಕ್ಕ ಪಾಲು ಹಾಕುವುದು ನ್ಯಾಯ ಎಂದು ನನಗನ್ನಿಸುತ್ತದೆ. ಆ ಖಾತೆಯ ಯುಪಿಐಯಿಂದಲೇ ಪ್ರವಾಸದ ಖರ್ಚೆಲ್ಲ ಹೋದರೆ ‘ನಾನು ಕೊಟ್ಟೆ, ನೀನು ಕೊಟ್ಟೆ’ ಎಂಬ ಲೆಕ್ಕ ದಾರಿಯಲ್ಲಿ ಏಳುವುದಿಲ್ಲ. ಖಾತೆಯಲ್ಲಿ ಎಷ್ಟಿದೆಯೋ ಅಷ್ಟು ದೂರದ ಊರು. ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ವಾರಾಂತ್ಯ ಕಳೆಯಬೇಡಿ.

4. ಜಾಗ ಆರಿಸುವುದು

ಇದಕ್ಕೆ ಹೆಚ್ಚು ಹೊತ್ತು ಕೊಡಿ. ಕಿಲೋಮೀಟರಿನಲ್ಲಿ ಯೋಚಿಸುವ ಬದಲು ಗಂಟೆಯಲ್ಲಿ ಯೋಚಿಸಿ. ಒಂದು ದಿನದ ತಿರುಗಾಟಕ್ಕೆ ಹೋಗಲು ಮೂರು ಗಂಟೆ ಮೀರಬಾರದು. ಎರಡು ದಿನದ್ದಾದರೆ ಹಗಲಿನಲ್ಲಿ ಐದು ಗಂಟೆ, ಇಲ್ಲವೇ ಒಂದು ಪೂರ್ತಿ ರಾತ್ರಿಯ ರೈಲು. ಶನಿವಾರ ಬೆಳಗ್ಗೆ ಹೊರಟು ಮಧ್ಯಾಹ್ನ ಮೂರಕ್ಕೆ ಮಡಿಕೇರಿ ತಲುಪಿ ಭಾನುವಾರ ಬೆಳಗ್ಗೆ ಹತ್ತಕ್ಕೆ ವಾಪಸ್ ಹೊರಡುವುದು ಡ್ರೈವಿಂಗ್ ಆಗುತ್ತದೆ, ಪ್ರವಾಸ ಆಗುವುದಿಲ್ಲ. ಕೊಡಗಿಗೆ ಒಂದು ಶುಕ್ರವಾರವೋ ಸೋಮವಾರವೋ ರಜೆ ಸೇರಿಸಿಯೇ ಹೋಗಿ.

ಒಂದು ದಿನಕ್ಕೆ ನಾನು ಎಲ್ಲರಿಗೂ ಮೊದಲು ಹೇಳುವುದು ಶಿವನಸಮುದ್ರ, ತಲಕಾಡು, ಸೋಮನಾಥಪುರದ ದಾರಿ. ಕನಕಪುರ ರಸ್ತೆಯಲ್ಲಿ ಬೆಳಗ್ಗೆ ಆರಕ್ಕೆ ಹೊರಟರೆ ಕನಕಪುರ, ಮಳವಳ್ಳಿ ದಾಟಿ ಸುಮಾರು 130 ಕಿ.ಮೀ. ದೂರದ ಶಿವನಸಮುದ್ರ. ಜುಲೈಯಿಂದ ಅಕ್ಟೋಬರ್‌ವರೆಗೆ ಗಗನಚುಕ್ಕಿ, ಭರಚುಕ್ಕಿ ಎರಡರಲ್ಲೂ ನೀರಿರುತ್ತದೆ, ಬೇಸಿಗೆಯಲ್ಲಿ ಬಂಡೆ ಮಾತ್ರ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದದ್ದು ಇಲ್ಲಿಂದಲೇ ಎಂಬುದನ್ನು ನೆನೆದು ನೋಡಿದರೆ ಆ ನೀರಿನ ಬಿರುಸಿಗೆ ಇನ್ನೊಂದು ಅರ್ಥ ಬರುತ್ತದೆ. ತಲಕಾಡಿನಲ್ಲಿ ಮರಳಿನ ನಡುವೆ ನಡೆದು ವೈದ್ಯೇಶ್ವರ, ಪಾತಾಳೇಶ್ವರ, ಕೀರ್ತಿನಾರಾಯಣ ಗುಡಿಗಳನ್ನು ನೋಡಿ, ನದಿಯ ದಡದಲ್ಲಿ ಕೂತು ಬುತ್ತಿ ಬಿಚ್ಚಿ. ಕಾಲು ತೊಳೆಯುವಷ್ಟು ನೀರಿನ ಆಚೆಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಾಣುವ ಕಾವೇರಿಯಲ್ಲಿ ಸುಳಿಗಳೂ ಗುಂಡಿಗಳೂ ಇವೆ, ಈಜು ಬಲ್ಲವರೂ ಅಲ್ಲಿ ಸತ್ತಿದ್ದಾರೆ. ಕೊನೆಗೆ ಸೋಮನಾಥಪುರ. ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯ. ಬೇಲೂರು, ಹಳೇಬೀಡುಗಳ ಜೊತೆ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೂ ಅಲ್ಲಿ ಜನ ಕಡಿಮೆ. ಇಳಿಬಿಸಿಲಿನಲ್ಲಿ ಹೊರಗೋಡೆಯ ಶಿಲ್ಪಗಳ ನೆರಳು ಎದ್ದು ಕಾಣುತ್ತದೆ. ಸಂಜೆಗೆ ಬಾಗಿಲು ಹಾಕುವುದರಿಂದ ನಾಲ್ಕಕ್ಕಾದರೂ ಅಲ್ಲಿರಿ.

ಎರಡು ದಿನಕ್ಕೆ ರಾತ್ರಿ ರೈಲಿನ ಊರುಗಳು ನನಗೆ ಇಷ್ಟ, ಏಕೆಂದರೆ ಯಾರೂ ಗಾಡಿ ಓಡಿಸಬೇಕಿಲ್ಲ, ಇಬ್ಬರೂ ಮಲಗಿಯೇ ಹೋಗಬಹುದು. ಹಂಪಿ ಇದಕ್ಕೆ ಹೇಳಿ ಮಾಡಿಸಿದ ಊರು. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿ ಸುಮಾರು 13 ಕಿ.ಮೀ., ಬಸ್ಸಿದೆ, ಆಟೋ ಇದೆ. ಕಮಲಾಪುರದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಹೋಟೆಲ್ ಇದೆ. ಶನಿವಾರ ಬೆಳಗ್ಗೆ ವಿರೂಪಾಕ್ಷ, ಕಡಲೆಕಾಳು ಗಣೇಶ, ಉಗ್ರನರಸಿಂಹ. ಮಧ್ಯಾಹ್ನ ಬಂದು ಮಲಗಿ. ಸಂಜೆ ಹೇಮಕೂಟದ ಬಂಡೆಯ ಮೇಲೆ. ವಿಜಯ ವಿಠ್ಠಲ ಗುಡಿಯನ್ನು ಭಾನುವಾರ ಬೆಳಗ್ಗೆಗೆ ಇಟ್ಟುಕೊಳ್ಳಿ. ಅಲ್ಲಿ ಕೊಂಡ ಟಿಕೆಟ್ಟೇ ಅದೇ ದಿನ ಕಮಲ ಮಹಲ್ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ. ಶನಿವಾರ ಸಂಜೆ ವಿಠ್ಠಲ ಗುಡಿ ನೋಡಿದರೆ ಭಾನುವಾರ ಮತ್ತೆ ಕೊಳ್ಳಬೇಕು. ಭಾನುವಾರ ರಾತ್ರಿಯ ರೈಲು ಸೋಮವಾರ ಬೆಳಗ್ಗೆ ಬೆಂಗಳೂರಿಗೆ ತರುತ್ತದೆ. ಮಾರ್ಚ್‌ನಿಂದ ಮೇವರೆಗೆ ಹಂಪಿಯ ಬಂಡೆ ಕಾದಿರುತ್ತದೆ, ಆಗ ಬೇಡ.

ಮಳೆಗಾಲ ಮುಗಿಯುತ್ತಾ ಬಂದಾಗ ಮೈಸೂರಿನಿಂದ ಬೆಂಗಳೂರಿನ ಮೇಲೆ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಹಿಡಿಯಿರಿ. ಸಾಗರದಲ್ಲಿ ಇಳಿದು ಇಕ್ಕೇರಿಯ ಅಘೋರೇಶ್ವರ, ಕೆಳದಿ, ಜೋಗ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಸಿಗಂದೂರಿಗೆ ಲಾಂಚ್ ಕಾಯಬೇಕಿಲ್ಲ. ಎರಡು ದಿನದಲ್ಲಿ ಅದನ್ನೂ ಸೇರಿಸಬಹುದು.

ಜಾಗ ಗೊತ್ತಾದ ಮೇಲೆ ಅದು ತೆರೆದಿದೆಯೇ ಎಂದು ಬುಧವಾರವೇ ನೋಡಿ. 2025ರ ಆರಂಭದಲ್ಲಿ ಕಾಮಗಾರಿಗೆಂದು ಜೋಗದಲ್ಲೇ ವಾರಗಟ್ಟಲೆ ಪ್ರವೇಶ ನಿಲ್ಲಿಸಿದ್ದರು. ಮೈಸೂರಿನ ಮೃಗಾಲಯಕ್ಕೂ ಬನ್ನೇರುಘಟ್ಟಕ್ಕೂ ಮಂಗಳವಾರ ರಜೆ, ಅದು ವಾರಾಂತ್ಯಕ್ಕೆ ತೊಂದರೆಯಿಲ್ಲ. ಮೈಸೂರು ಅರಮನೆಯ ದೀಪ ನೋಡಬೇಕಾದರೆ ಭಾನುವಾರ ಸಂಜೆ ಏಳಕ್ಕೇ ಅಲ್ಲಿರಬೇಕು, ಹಾಗಾಗಿ ವಾಪಸ್ ರೈಲನ್ನು ಅದಕ್ಕೆ ಹೊಂದಿಸಿ. ಕುಮಾರ ಪರ್ವತದಂಥ ಚಾರಣಗಳಿಗೆ 2024ರಲ್ಲಿ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಅನುಮತಿ ಕಡ್ಡಾಯ ಮಾಡಿತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ. ‘ಅರಣ್ಯ ವಿಹಾರ’ ಎಂಬ ಇಲಾಖೆಯ ಜಾಲತಾಣದಲ್ಲಿ ಹೆಸರು, ಗುರುತಿನ ಚೀಟಿ ಕೊಟ್ಟು ಮುಂಚೆಯೇ ಕಾದಿರಿಸಿ. ನೇರವಾಗಿ ಹೋಗಿ ಅಲ್ಲಿನ ಗಾರ್ಡ್ ಜೊತೆ ವಾದ ಮಾಡಬೇಡಿ, ಅವರ ಕೈಯಲ್ಲಿ ಏನೂ ಇರುವುದಿಲ್ಲ. ಊಟಿಗೆ ಗಾಡಿ ತೆಗೆದುಕೊಂಡು ಹೋಗುವವರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ಆಫೀಸ್ ಮುಗಿಸಿ ಹೊರಟು ರಾತ್ರಿಯೇ ವಯನಾಡು ಸೇರುತ್ತೇವೆ ಎಂಬ ಲೆಕ್ಕ ನಡೆಯುವುದಿಲ್ಲ.

ಕೋಣೆ ಕಾದಿರಿಸುವಾಗ ಒಂದು ಎಚ್ಚರ. ಚಂದದ ಫೋಟೋ ಹಾಕಿ ಮುಂಗಡ ಯುಪಿಐ ಮಾಡಿಸಿಕೊಂಡು ಮಾಯವಾಗುವ ನಕಲಿ ಹೋಂಸ್ಟೇ ಪುಟಗಳಿವೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಇದೆಯೇ ಎಂದು ಕೇಳಿ, ವಿಡಿಯೋ ಕಾಲ್ ಮಾಡಿ ಕೋಣೆ ತೋರಿಸಲು ಹೇಳಿ. ಇಬ್ಬರ ಗುರುತಿನ ಚೀಟಿಯೂ ಜೊತೆಯಲ್ಲಿರಲಿ.

5. ಟಿಕೆಟ್ಟು

ರೈಲಿನ ಮುಂಗಡ ಟಿಕೆಟ್ 2024ರ ನವೆಂಬರ್ 1ರಿಂದ 60 ದಿನ ಮೊದಲು ತೆರೆಯುತ್ತದೆ, ಬೆಳಗ್ಗೆ 8ಕ್ಕೆ. ದೀಪಾವಳಿ, ಯುಗಾದಿ, ಉದ್ದನೆಯ ವಾರಾಂತ್ಯಗಳಿಗೆ ಆ ದಿನವೇ ಮಾಡಬೇಕು. ಸಾಮಾನ್ಯ ವಾರಾಂತ್ಯಕ್ಕೂ ಒಂದು ತಿಂಗಳು ಮುಂಚೆ ಮಾಡಿದರೆ ಒಳ್ಳೆಯದು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರವಾಸದ ವಾರ ಗುರುತಿಸುವಾಗಲೇ ಟಿಕೆಟ್ ತೆರೆಯುವ ದಿನವನ್ನೂ ಗುರುತಿಸಿ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿರುವುದು ಈಗ ಅಗತ್ಯ. 2025ರ ಜುಲೈಯಿಂದ ಅದಿಲ್ಲದೆ ಆನ್‌ಲೈನಿನಲ್ಲಿ ತತ್ಕಾಲ್ ಸಿಗುವುದಿಲ್ಲ. ಇಬ್ಬರ ಖಾತೆಯನ್ನೂ ಜೋಡಿಸಿಡಿ, ಒಬ್ಬರಿಗೆ ಮೀಟಿಂಗ್ ಇದ್ದರೆ ಇನ್ನೊಬ್ಬರು ಮಾಡಬಹುದು.

ತತ್ಕಾಲ್ ತೆರೆಯುವುದು ಹಿಂದಿನ ದಿನ, ಎಸಿಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ಶುಕ್ರವಾರ ರಾತ್ರಿಯ ರೈಲಿಗೆ ಗುರುವಾರ ಬೆಳಗ್ಗೆ ಎಂದಾಯಿತು, ಅದು ಸರಿಯಾಗಿ ಸ್ಟ್ಯಾಂಡಪ್ ಮೀಟಿಂಗ್ ಹೊತ್ತು. ತತ್ಕಾಲ್‌ನಲ್ಲಿ ಕನ್ಫರ್ಮ್ ಆದ ಟಿಕೆಟ್ ರದ್ದು ಮಾಡಿದರೆ ಹಣ ಬರುವುದಿಲ್ಲ, ಆದ್ದರಿಂದ ರಜೆ ಖಚಿತವಾದ ಮೇಲೇ ಮಾಡಿ. ಆರ್‌ಎಸಿ, ಅಂದರೆ ಇಬ್ಬರಿಗೆ ಒಂದು ಬರ್ತ್, ಬಂದರೆ ಹತ್ತಬಹುದು, ಕೂತಾದರೂ ಹೋಗಬಹುದು. ಚಾರ್ಟ್ ಆದ ಮೇಲೂ ವೇಟಿಂಗ್ ಲಿಸ್ಟಿನಲ್ಲೇ ಉಳಿದ ಇ-ಟಿಕೆಟ್ ತಾನಾಗಿಯೇ ರದ್ದಾಗಿ ಹಣ ವಾಪಸಾಗುತ್ತದೆ, ಅದನ್ನಿಟ್ಟುಕೊಂಡು ಬೋಗಿ ಹತ್ತಬೇಡಿ. ಹಾಗಾಗಿ ವೇಟಿಂಗ್ ಲಿಸ್ಟ್ ಇದ್ದಾಗ ಕೆಎಸ್‌ಆರ್‌ಟಿಸಿ ಬಸ್ಸಿನ ಸೀಟನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು.

ಕೆಎಸ್‌ಆರ್‌ಟಿಸಿಯಲ್ಲಿ ಹೋಗುವ, ಬರುವ ಎರಡೂ ಟಿಕೆಟ್ ಒಟ್ಟಿಗೆ ಮಾಡಿದರೆ ಬರುವ ಟಿಕೆಟ್ಟಿಗೆ ಶೇ 10 ರಿಯಾಯಿತಿ ಇದೆ. ಹಾಸನ, ಮೈಸೂರು, ತುಮಕೂರು, ಚಿತ್ರದುರ್ಗದಂಥ ಹತ್ತಿರದ ಊರುಗಳಿಗೆ ಸಾಮಾನ್ಯ ಕೆಂಪು ಬಸ್ಸೇ ಸಾಕು. ಶಕ್ತಿ ಯೋಜನೆ ಬಂದ 2023ರ ಜೂನ್ 11ರಿಂದ ರಾಜ್ಯದೊಳಗೆ ಆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರಾಯಿತು. ಇಬ್ಬರ ಪ್ರಯಾಣದ ಖರ್ಚು ಅರ್ಧಕ್ಕೆ ಇಳಿಯುತ್ತದೆ. ರಾಜಹಂಸ, ಐರಾವತ, ಸ್ಲೀಪರ್ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ವಾರಾಂತ್ಯದಲ್ಲಿ ಕೆಂಪು ಬಸ್ಸುಗಳಲ್ಲಿ ನೂಕುನುಗ್ಗಲು ಇರುವುದು ನಿಜ. ಶನಿವಾರ ಬೆಳಗ್ಗೆ ಆರಕ್ಕೆ ಮುಂಚೆ ನಿಲ್ದಾಣದಲ್ಲಿದ್ದರೆ ಸೀಟು ಸಿಗುತ್ತದೆ.

ಟಿಕೆಟ್ಟಿನಲ್ಲಿ ಯಾವ ನಿಲ್ದಾಣ ಎಂದಿದೆಯೋ ಎರಡು ಸಲ ಓದಿ. ಬೆಂಗಳೂರಿನಲ್ಲಿ ಮೆಜೆಸ್ಟಿಕ್, ಯಶವಂತಪುರ, ದಂಡು, ಬೈಯಪ್ಪನಹಳ್ಳಿಯ ಎಸ್‌ಎಂವಿಟಿ ಎಲ್ಲವೂ ದೂರ ದೂರ. ಎಸ್‌ಎಂವಿಟಿ ಎಂದಿದ್ದರೆ ಬೈಯಪ್ಪನಹಳ್ಳಿ ಮೆಟ್ರೋ ಇಳಿದ ಮೇಲೂ ಆಟೋವೋ ಬಸ್ಸೋ ಬೇಕು. ಮೈಸೂರು, ಮಡಿಕೇರಿ ಕಡೆಯ ಬಸ್ಸುಗಳು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಹೊರಡುತ್ತವೆ, ಅದಕ್ಕೆ ದೀಪಾಂಜಲಿನಗರ ಮೆಟ್ರೋ ಹತ್ತಿರ. ಶುಕ್ರವಾರ ಸಂಜೆ ಕ್ಯಾಬ್ ನಂಬಬೇಡಿ. ವೈಟ್‌ಫೀಲ್ಡಿನಿಂದ ಮೆಜೆಸ್ಟಿಕ್‌ಗೆ ನೇರಳೆ ಮಾರ್ಗದ ಮೆಟ್ರೋ ಇದೆ, ಅದು ಸಿಲ್ಕ್ ಬೋರ್ಡ್ ಜಾಮ್ ಕೇಳುವುದಿಲ್ಲ. ಇಬ್ಬರ ಆಫೀಸೂ ಬೇರೆ ಬೇರೆ ದಿಕ್ಕಿನಲ್ಲಿದ್ದರೆ ಮನೆಗೆ ಬಂದು ಹೊರಡುವ ಯೋಚನೆ ಬಿಡಿ. ಬೆಳಗ್ಗೆಯೇ ಚೀಲ ಹೊತ್ತು ಆಫೀಸಿಗೆ ಹೋಗಿ, ನೇರವಾಗಿ ಪ್ಲಾಟ್‌ಫಾರ್ಮಿನಲ್ಲಿ ಸೇರಿ.

6. ಸ್ವಂತ ಗಾಡಿಯಲ್ಲಿ ಹೋಗುವವರಿಗೆ

ಶುಕ್ರವಾರ ರಾತ್ರಿ ಹೊರಡಬೇಡಿ. ಒಂಬತ್ತು ಗಂಟೆ ಕೆಲಸ ಮಾಡಿದ ಕಣ್ಣು ರಾತ್ರಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ತಿರುವು ನೋಡುವ ಸ್ಥಿತಿಯಲ್ಲಿ ಇರುವುದಿಲ್ಲ. ಬೇಗ ಮಲಗಿ, ಶನಿವಾರ ಬೆಳಗ್ಗೆ ಐದಕ್ಕೆ ಹೊರಡಿ. ಏಳರ ಹೊತ್ತಿಗೆ ನೆಲಮಂಗಲವೋ ಬಿಡದಿಯೋ ಹಿಂದಾಗಿರಬೇಕು. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಬೇಕೆಂದರೆ ಹೆದ್ದಾರಿಯ ಮುಖ್ಯ ಪಥ ಬಿಟ್ಟು ಸರ್ವಿಸ್ ರಸ್ತೆಗೆ ಇಳಿಯಬೇಕು, ಆ ಇಡ್ಲಿಗಾಗಿ ಇಳಿಯುವುದರಲ್ಲಿ ನಷ್ಟವಿಲ್ಲ. ಬೈಕಿನವರಿಗೆ 2023ರ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯ ಲೆಕ್ಕದಲ್ಲಿ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.

ತಿಂಗಳಿಗೊಮ್ಮೆ ಕಾರಿನಲ್ಲಿ ಹೋಗುವವರು ಫಾಸ್ಟ್ಯಾಗ್ ವಾರ್ಷಿಕ ಪಾಸ್ ನೋಡಬಹುದು. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಒಂದು ವರ್ಷ ಅಥವಾ 200 ದಾಟುವಿಕೆ ಎಂಬ ಲೆಕ್ಕದಲ್ಲಿ ಶುರುವಾಯಿತು. ನೈಸ್ ರಸ್ತೆಗೆ ಅದು ನಡೆಯುವುದಿಲ್ಲ. ಊರಿಗೆ ಹೋಗುವ ವಾರವನ್ನೂ ಸೇರಿಸಿ ನಿಮ್ಮ ದಾರಿಯ ಟೋಲ್‌ಗಳನ್ನು ಕೂಡಿ ನೋಡಿ, ವರ್ಷದ ಮೊತ್ತ ಪಾಸಿನ ಈಗಿನ ಬೆಲೆಯನ್ನು ದಾಟಿದರೆ ಕೊಳ್ಳಿ.

ಇಬ್ಬರಿಗೂ ಡ್ರೈವಿಂಗ್ ಬಂದರೆ ಎರಡು ಗಂಟೆಗೊಮ್ಮೆ ಬದಲಾಯಿಸಿಕೊಳ್ಳಿ. ಹೆಂಡತಿ ಓಡಿಸುವಾಗ ಪಕ್ಕದಲ್ಲಿ ಕೂತು ಗೇರು, ಬ್ರೇಕು ಹೇಳಿಕೊಡಬೇಡಿ. ಹೆದ್ದಾರಿಯ ಅಭ್ಯಾಸ ಇಲ್ಲದಿದ್ದರೆ ಭಾನುವಾರ ಬೆಳಗಿನ ಖಾಲಿ ರಸ್ತೆಗಳಲ್ಲಿ ಅಭ್ಯಾಸ ಮಾಡಿಕೊಂಡರೆ ಮುಂದಿನ ಪ್ರವಾಸಗಳಿಗೆಲ್ಲ ದಾರಿ ತೆರೆಯುತ್ತದೆ.

7. ಚೀಲ

ಒಬ್ಬರಿಗೊಂದು ಬೆನ್ನುಚೀಲ, ಅವರವರದನ್ನು ಅವರವರೇ ತುಂಬಬೇಕು, ಅವರವರೇ ಹೊರಬೇಕು. ಟವೆಲ್, ಬ್ರಷ್, ಚಾರ್ಜರ್, ಮಾತ್ರೆ, ಸಣ್ಣ ಟಾರ್ಚ್ ಒಂದು ಪೌಚಿನಲ್ಲಿ ಯಾವಾಗಲೂ ಸಿದ್ಧವಿರಲಿ. ದಾರಿಗೆ ಚಪಾತಿ, ಚಟ್ನಿಪುಡಿ, ಕೋಡುಬಳೆ. ಮೊಸರನ್ನ ಬಿಸಿಲಿಗೆ ಹುಳಿಯುತ್ತದೆ, ಚಿತ್ರಾನ್ನ ತಡೆಯುತ್ತದೆ. ಒದ್ದೆ ಬಟ್ಟೆಗೆ ಒಂದು ಬೇರೆ ಚೀಲ. ಮಲೆನಾಡಿಗಾದರೆ ಇಂಬಳಕ್ಕೆ (ಜಿಗಣೆಗೆ) ಉಪ್ಪು ಅಥವಾ ನಶ್ಯದ ಪುಡಿ. ಲ್ಯಾಪ್‌ಟಾಪ್ ಮನೆಯಲ್ಲಿ.

8. ಅಲ್ಲಿಗೆ ಹೋದ ಮೇಲೆ

ಬೆಳಗ್ಗೆ ಒಂದು ಜಾಗ, ಸಂಜೆ ಒಂದು ಜಾಗ, ಮಧ್ಯಾಹ್ನ ಊಟ ಮತ್ತು ನಿದ್ದೆ. ಇದಕ್ಕಿಂತ ಹೆಚ್ಚು ತುರುಕಿದರೆ ಆಫೀಸಿನ ವೇಳಾಪಟ್ಟಿಯೇ ಬೇರೆ ಊರಿನಲ್ಲಿ ಮುಂದುವರಿದಂತಾಗುತ್ತದೆ. ಒಬ್ಬರಿಗೆ ಗುಡಿಯ ಶಿಲ್ಪ ಇಷ್ಟ, ಇನ್ನೊಬ್ಬರಿಗೆ ಹಕ್ಕಿ ನೋಡುವುದು ಇಷ್ಟ ಎಂದಾದರೆ ಬೆಳಗ್ಗೆ ಒಬ್ಬರ ಆಯ್ಕೆ, ಸಂಜೆ ಇನ್ನೊಬ್ಬರದು. ಎರಡು ಗಂಟೆ ಬೇರೆ ಬೇರೆ ಕಡೆ ಕಳೆದು ಊಟಕ್ಕೆ ಸೇರಿದರೂ ತಪ್ಪಿಲ್ಲ.

ಊಟವನ್ನು ಆ ಊರಿನ ಮನೆಗಳಲ್ಲಿ, ಖಾನಾವಳಿಗಳಲ್ಲಿ ಮಾಡಿ. ಮೇಲುಕೋಟೆಗೆ ಹೋಗಿ ಪುಳಿಯೋಗರೆ ತಿನ್ನದೆ, ಹೊಸಪೇಟೆಗೆ ಹೋಗಿ ಜೋಳದ ರೊಟ್ಟಿ, ಎಣ್ಣೆಗಾಯಿ ತಿನ್ನದೆ ಬಂದರೆ ಊರು ಅರ್ಧ ಮಾತ್ರ ನೋಡಿದಂತೆ. ಜಲಪಾತದ ಬುಡದಲ್ಲಿ, ಕೋಟೆಯ ಅಂಚಿನಲ್ಲಿ ಸೆಲ್ಫಿಗಾಗಿ ಹಿಂದಕ್ಕೆ ಹೆಜ್ಜೆ ಇಡಬೇಡಿ. ಪ್ಲಾಸ್ಟಿಕ್ ಬಾಟಲಿ, ಚಿಪ್ಸಿನ ಕವರು ಚೀಲದಲ್ಲೇ ವಾಪಸ್ ಬರಲಿ.

ಆಫೀಸಿನ ಚಾಟ್ ಆ್ಯಪ್‌ಗಳನ್ನು ಶುಕ್ರವಾರ ರಾತ್ರಿ ಮ್ಯೂಟ್ ಮಾಡಿ, ತುರ್ತು ಇದ್ದರೆ ಫೋನ್ ಮಾಡಿ ಎಂದು ತಂಡದ ಒಬ್ಬರಿಗೆ ಮಾತ್ರ ಹೇಳಿಡಿ. ಗುರುವಾರವೇ ಕೆಲಸ ಒಪ್ಪಿಸಿ ಬಂದಿದ್ದರೆ ಆ ಫೋನ್ ಬರುವುದು ಅಪರೂಪ.

9. ವಾಪಸಾತಿ ಮತ್ತು ಸೋಮವಾರ

ರಸ್ತೆಯಲ್ಲಿ ಬರುವವರು ಭಾನುವಾರ ಮಧ್ಯಾಹ್ನ ಮೂರಕ್ಕೆ ಬೆಂಗಳೂರಿನ ಹೊರವಲಯ ದಾಟಿರಬೇಕು. ಐದರ ನಂತರ ನೆಲಮಂಗಲ ಟೋಲಿನಿಂದ ಗೊರಗುಂಟೆಪಾಳ್ಯದವರೆಗೆ, ಬಿಡದಿಯಿಂದ ಕೆಂಗೇರಿಯವರೆಗೆ ಇಡೀ ಊರೇ ವಾಪಸ್ ಬರುತ್ತಿರುತ್ತದೆ. ಅಷ್ಟು ಬೇಗ ಹೊರಡಲು ಮನಸ್ಸಿಲ್ಲದಿದ್ದರೆ ದಾರಿಯ ಊರಿನಲ್ಲಿ ನಿಧಾನವಾಗಿ ಊಟ ಮಾಡಿ, ರಾತ್ರಿ ಒಂಬತ್ತೂವರೆಯ ನಂತರ ಒಳಗೆ ಬನ್ನಿ. ನಡುವಿನ ಹೊತ್ತಿನಲ್ಲಿ ಬೇಡ.

ರೈಲಿನಲ್ಲಿ, ಬಸ್ಸಿನಲ್ಲಿ ಸೋಮವಾರ ನಸುಕಿನಲ್ಲಿ ಇಳಿಯುವವರಿಗೆ ಒಂದು ಅನುಕೂಲ ಇದೆ. ಊರಿನಿಂದ ವಾಪಸ್ ಬರುವವರಿಗಾಗಿಯೇ 2025ರ ಜನವರಿಯಿಂದ ಸೋಮವಾರಗಳಂದು ನೇರಳೆ, ಹಸಿರು ಮಾರ್ಗಗಳ ಮೆಟ್ರೋ 4.15ಕ್ಕೇ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಮೆಜೆಸ್ಟಿಕ್ ಆಟೋದವರ ಜೊತೆ ಚೌಕಾಸಿ ಮಾಡುವ ಕಷ್ಟವಿಲ್ಲ. ಭಾನುವಾರ ಮೆಟ್ರೋ ಬೆಳಗ್ಗೆ 7ಕ್ಕೆ ಶುರು, ಭಾನುವಾರ ಬೆಳಗ್ಗೆ ಹೊರಡುವವರು ಇದನ್ನು ನೆನಪಿಡಿ.

ಸೋಮವಾರ ಬೆಳಗ್ಗೆ ಮನೆಗೆ ಬಂದ ಕೂಡಲೇ ಒಬ್ಬರು ಸ್ನಾನಕ್ಕೆ, ಇನ್ನೊಬ್ಬರು ಒದ್ದೆ ಬಟ್ಟೆಯ ಚೀಲ ಮೆಷಿನ್ನಿಗೆ ಹಾಕಿ ದೋಸೆ ಕಾವಲಿ ಇಡಲಿ. ಮೊದಲಿನವರು ಬಂದು ಅನ್ನಕ್ಕಿಟ್ಟು ಡಬ್ಬಿ ಕಟ್ಟಲಿ. ಕಚೇರಿ ಅನುಮತಿಸಿದರೆ ಆ ದಿನ ಒಬ್ಬರಾದರೂ ಮನೆಯಿಂದ ಕೆಲಸ ಮಾಡಿ, ಬೆಳಗಿನ ಮೀಟಿಂಗನ್ನು ಹತ್ತೂವರೆಗೆ ತಳ್ಳಿ. ಮುಂದಿನ ಸಲ ಈ ಪಾಳಿ ಅದಲು ಬದಲಾಗಲಿ.

ರಾತ್ರಿ ಊಟವಾದ ಮೇಲೆ ಪೌಚಿನಲ್ಲಿ ಖಾಲಿಯಾದ ಮಾತ್ರೆ, ಬ್ಯಾಟರಿ ತುಂಬಿಸಿ ಕಪಾಟಿಗೆ ಇಡಿ. ಖಾತೆಯಲ್ಲಿ ಎಷ್ಟು ಉಳಿದಿದೆ ನೋಡಿ. ಆಮೇಲೆ ಕ್ಯಾಲೆಂಡರ್ ಮುಂದೆ ನಿಂತು ಮುಂದಿನ ಪ್ರವಾಸದ ಟಿಕೆಟ್ ಯಾವ ಬೆಳಗ್ಗೆ ಎಂಟಕ್ಕೆ ತೆರೆಯುತ್ತದೆ ಎಂದು ಎಣಿಸಿ, ಇಬ್ಬರ ಫೋನಿನಲ್ಲೂ ಅಲಾರಂ ಇಡಿ.